ಪೀಠ ಒಂದು, ಮುಖ ಎತ್ತ?

ಕಾಸರಗೋಡು ಜಿಲ್ಲೆಯ ಕಥೋಲಿಕರಲ್ಲಿ ಮುಖ್ಯವಾಗಿ ಎರಡು ಬಗೆ. ಬೇಳ, ಕಾಸರಗೋಡು ಕಡೆಯ ಕೊಂಕಣಿಗರು ಲ್ಯಾಟಿನ್ ಸಂಪ್ರದಾಯದವರು. ಅವರ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ತಿರುವಾಂಕೂರಿನಿಂದ ಬಂದು ಮೂಡಣ ಗುಡ್ಡಗಳಲ್ಲಿ ರಬ್ಬರು ಬೆಳೆದು ನೆಲೆನಿಂತವರು ಬಹುಪಾಲು ಸಿರೋ ಮಲಬಾರ್ ಸಭೆಯವರು; ಅವರದು 1953ರಲ್ಲಿ ಸ್ಥಾಪನೆಯಾದ ತಲಶ್ಶೇರಿ ಧರ್ಮಪ್ರಾಂತ್ಯ. ಬ್ಯಾಂಕಿನ ಕೌಂಟರಿನಲ್ಲಿ ಕೂತ ನನಗೆ ಇಬ್ಬರೂ ಪರಿಚಿತರು. ಪೋಪ್ ಒಬ್ಬರೇ ಆಗಿರುವಾಗ ಎರ್ನಾಕುಳಂನಲ್ಲಿ ಕುರ್ಬಾನದ ಬಗ್ಗೆ ಅಷ್ಟು ದೊಡ್ಡ ಜಗಳ ಏಕಾಯಿತು ಎಂದು ಸಹೋದ್ಯೋಗಿಗಳು ಕೇಳುವುದುಂಟು. ಉತ್ತರಕ್ಕೆ ನಾಲ್ಕು ಶತಮಾನ ಹಿಂದೆ ಹೋಗಬೇಕು.

ಕೇರಳದ ತೋಮಾ ಕ್ರೈಸ್ತರು ಪೋರ್ಚುಗೀಸರು ಬರುವ ಮೊದಲೇ ಸಿರಿಯಾಕ್ ಭಾಷೆಯಲ್ಲಿ ಪೂಜೆ ನಡೆಸುತ್ತಿದ್ದವರು. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಸೂನಹದೋಸ್ ಕರೆದು ಅವರ ಗ್ರಂಥಗಳನ್ನು ತಿದ್ದಿಸಿದ, ಕೆಲವನ್ನು ನಾಶಮಾಡಿಸಿದ. ವಿಶ್ವಾಸ ಒಂದಾಗಬೇಕಾದರೆ ಆಚಾರವೂ ರೋಮಿನಂತೆಯೇ ಆಗಬೇಕೆಂಬುದು ಅದರ ಹಿಂದಿನ ಎಣಿಕೆ. ಒಳಗೇ ಕುದಿಯುತ್ತಿದ್ದ ಅಸಮಾಧಾನ 1653ರ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಸ್ಫೋಟಗೊಂಡಿತು. ಶಿಲುಬೆಯ ಮುಂದೆ ನೆರೆದ ಜನ ಇನ್ನು ಜೆಸುಯಿಟರಿಗೆ ವಿಧೇಯರಾಗುವುದಿಲ್ಲವೆಂದು ಪ್ರಮಾಣ ಮಾಡಿದರು. ಇದೇ 'ಕೂನನ್ ಕುರಿಶು ಸತ್ಯಂ'. ರೋಮ್ ಕಾರ್ಮೆಲೈಟರನ್ನು ಕಳುಹಿಸಿದಾಗ ಬಹಳ ಮಂದಿ ಮರಳಿದರು; ಉಳಿದವರು ಬೇರೆಯಾದರು. ಹಾಗೆ ಬೇರೆಯಾದವರಲ್ಲಿ ಒಂದು ಗುಂಪು 1930ರಲ್ಲಿ ಮಾರ್ ಇವಾನಿಯೋಸರ ಹಿಂದೆ, ತನ್ನ ಪೂಜಾವಿಧಿಯನ್ನು ಬಿಡದೆಯೇ, ರೋಮಿನೊಡನೆ ಕೂಡಿತು. ಆಚಾರ ಬೇರೆಯಿದ್ದೂ ಐಕ್ಯ ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೊಸ ಬಿರುಕಿನ ಮೂಲ 1962-65ರ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿದೆ. ಪೂರ್ವದ ಸಭೆಗಳು ಪೂರ್ವಿಕರ ಪರಂಪರೆಗೆ ಮರಳಬೇಕೆಂದು ಅದು ಹೇಳಿತು. ಅದರ ಬೆನ್ನಿಗೇ ಗುರುಗಳು ಜನರ ಕಡೆಗೆ ತಿರುಗಿ ಪೂಜಿಸುವ ರೂಢಿಯೂ ಹಬ್ಬಿತು. ಒಂದು ಪಕ್ಷ ಮೊದಲನೆಯದನ್ನು ಹಿಡಿಯಿತು. ಎರ್ನಾಕುಳಂ ಎರಡನೆಯದನ್ನು ಹಿಡಿಯಿತು. 1999ರಲ್ಲಿ ಸಿನೊಡ್ ಮಧ್ಯದ ದಾರಿ ಹುಡುಕಿತು: ಆರಂಭದ ಹಾಗೂ ಕೊನೆಯ ಭಾಗಕ್ಕೆ ಜನರ ಕಡೆ ಮುಖ, ನಡುವಿನ ಅರ್ಪಣೆಗೆ ಬಲಿಪೀಠದ ಕಡೆ. ಅದು ಎಲ್ಲೆಡೆ ಜಾರಿಯಾಗಲಿಲ್ಲ. 2021ರಲ್ಲಿ ಮತ್ತೆ ಆಜ್ಞೆ ಹೊರಟಾಗ ಎರ್ನಾಕುಳಂ-ಅಂಗಮಾಲಿಯ ಗುರುಗಳು, ವಿಶ್ವಾಸಿಗಳು ದೊಡ್ಡ ಸಂಖ್ಯೆಯಲ್ಲಿ ಒಪ್ಪಲಿಲ್ಲ. 2022ರ ನವೆಂಬರಿನಲ್ಲಿ ಅಲ್ಲಿನ ಬೆಸಿಲಿಕಾದ ಬಾಗಿಲೇ ಮುಚ್ಚಿತು.

ಸಿನೊಡಿನ ಪಕ್ಷದ ಮಾತಿನಲ್ಲೂ ನ್ಯಾಯವಿದೆ. ಎಲ್ಲ ಬಿಷಪರು ಕೂಡಿ ಮಾಡಿದ ತೀರ್ಮಾನವನ್ನು ಒಂದು ಪ್ರಾಂತ್ಯ ತಳ್ಳಿಹಾಕಿದರೆ ಸಭೆಗೆ ಅರ್ಥವೇನು? ಆದರೆ ಅರ್ಧ ಶತಮಾನ ಜನರತ್ತ ಮುಖಮಾಡಿ ನಡೆದ ಪೂಜೆಯಲ್ಲಿಯೇ ಬೆಳೆದ ಒಂದು ತಲೆಮಾರಿಗೆ ಅದೂ ಪರಂಪರೆಯೇ. ಅದನ್ನು ಆಜ್ಞೆಯಿಂದ ಅಳಿಸಲಾಗದು.

2025ರ ಜನವರಿಯಲ್ಲಿ ಎರ್ನಾಕುಳಂನ ಹೊಣೆ ಬಿದ್ದದ್ದು ನಮ್ಮ ಗುಡ್ಡಗಾಡಿನ ಕಥೋಲಿಕರ ಧರ್ಮಾಧ್ಯಕ್ಷರಾದ, ತಲಶ್ಶೇರಿಯ ಆರ್ಚ್‌ಬಿಷಪ್ ಜೋಸೆಫ್ ಪಾಂಪ್ಲಾನಿಯವರ ಮೇಲೆ. ಜುಲೈ 3ರ ಸಂತ ತೋಮಾ ಹಬ್ಬದಿಂದ ಭಾನುವಾರಗಳಲ್ಲಿ ಪ್ರತಿ ಇಗರ್ಜಿಯಲ್ಲೂ ಕನಿಷ್ಠ ಒಂದು ಪೂಜೆ ಸಿನೊಡಿನ ಕ್ರಮದಲ್ಲಿ, ಉಳಿದವು ಜನಾಭಿಮುಖವಾಗಿ ನಡೆಯಬಹುದೆಂಬ ಒಪ್ಪಂದವಾಯಿತು. ಇದು ಪೂರ್ಣ ಪರಿಹಾರವೆಂದು ನಾನು ಹೇಳುವುದಿಲ್ಲ. ಆದರೆ ಉದಯಂಪೇರೂರಿನ ದಾರಿಗಿಂತ 1930ರ ದಾರಿಗೆ ಹತ್ತಿರವಾದುದು. 1956ರಿಂದ ಕೇರಳದಲ್ಲಿದ್ದೂ ಕನ್ನಡವನ್ನು ಉಳಿಸಿಕೊಂಡು ಬಂದಿರುವ ನಮಗೆ, ಒಂದೇ ಸೂರಿನಡಿ ಎರಡು ರೂಢಿ ಬಾಳಬಲ್ಲದೆಂಬುದನ್ನು ಬೇರೆಯವರು ವಿವರಿಸಿ ಹೇಳಬೇಕಾಗಿಲ್ಲ.