ಮಾಸ್ಲೋ ಅಗತ್ಯಗಳ ಶ್ರೇಣಿ ಮತ್ತು ರೋಗಿಯ ಚೇತರಿಕೆ

ರೋಗಿಗೆ ಯಾವುದು ತಕ್ಷಣ ಬೇಕು, ಯಾವುದು ತುಸು ತಡೆದೀತು ಎಂದು ನಿರ್ಧರಿಸಲು ಶುಶ್ರೂಷಾ ಕ್ಷೇತ್ರ ಬಳಸುವ ಮನೋವೈಜ್ಞಾನಿಕ ಚೌಕಟ್ಟು. ಅಮೆರಿಕದ ಮನೋವಿಜ್ಞಾನಿ ಏಬ್ರಹಾಂ ಮಾಸ್ಲೋ (1908–1970) 1943ರಲ್ಲಿ ಪ್ರಕಟಿಸಿದ ಪ್ರಬಂಧ ಇದರ ಮೂಲ. ದೈಹಿಕ ಅಗತ್ಯಗಳು, ಸುರಕ್ಷತೆ, ಪ್ರೀತಿ ಮತ್ತು ಒಡನಾಟ, ಮನ್ನಣೆ, ತನ್ನ ಸಾಮರ್ಥ್ಯವನ್ನು ಪೂರ್ತಿ ಅರಳಿಸಿಕೊಳ್ಳುವ ಹಂಬಲ ಎಂದು ಆತ ಐದು ಬಗೆಗಳನ್ನು ಇದೇ ಕ್ರಮದಲ್ಲಿ ಹೇಳಿದ.

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ವೃದ್ಧೆಯೊಬ್ಬರನ್ನು ನೋಡಿ. ಉಸಿರಾಟ, ರಕ್ತದೊತ್ತಡ, ನೋವು, ಮೂತ್ರವಿಸರ್ಜನೆ ಮೊದಲ ಚಿಂತೆ. ಬೆನ್ನಿಗೇ ಬಿದ್ದೇನೆಂಬ ಭಯ ಬರುತ್ತದೆ; ಕೈಗೆ ವಾಕರ್ ಬೇಕು. ಕನ್ನಡಕ, ಶ್ರವಣಸಾಧನ ಕೈಗೆಟುಕುವಂತಿದ್ದರೆ, ಪರಿಚಿತ ಮುಖ ಪಕ್ಕದಲ್ಲಿದ್ದರೆ, ಇಂಥ ವೃದ್ಧರನ್ನು ಕಾಡುವ ಗೊಂದಲದ ಸ್ಥಿತಿಯನ್ನು ಎಷ್ಟೋ ಮಟ್ಟಿಗೆ ತಡೆಯಬಹುದು. ತಾವೇ ತಲೆ ಬಾಚಿಕೊಂಡ ದಿನ ಅವರಿಗೆ ಮರಳುವುದು ಸ್ವಾಭಿಮಾನ.

ಈ ಕೊನೆಯ ಸಂಗತಿಗೆ ಅಮೆರಿಕದ ಶುಶ್ರೂಷಾ ತಜ್ಞೆ ವರ್ಜೀನಿಯಾ ಹೆಂಡರ್ಸನ್ ದೊಡ್ಡ ಬೆಲೆ ಕೊಟ್ಟರು. ಅವರು ಪಟ್ಟಿ ಮಾಡಿದ 14 ಮೂಲಭೂತ ಅಗತ್ಯಗಳಲ್ಲಿ ಉಸಿರಾಟ, ಆಹಾರ, ನಿದ್ರೆಗಳ ಜೊತೆ ಪೂಜೆ, ದುಡಿಮೆ, ಆಟ, ಕಲಿಕೆಗಳೂ ಸೇರಿವೆ. ರೋಗಿ ಆದಷ್ಟು ಬೇಗ ತನ್ನ ಕೆಲಸ ತಾನೇ ಮಾಡಿಕೊಳ್ಳುವಂತಾಗಬೇಕೆಂಬುದು ಅವರ ಗುರಿ.

ಪ್ರೀತಿಯ ಸರದಿ ಮೂರನೆಯದು ಎಂದು ಅದನ್ನು ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಮಕ್ಕಳ ವಾರ್ಡುಗಳು ಸಾಕ್ಷಿ. ಅಲ್ಲಿ ಒಂದು ಕಾಲಕ್ಕೆ ತಾಯ್ತಂದೆಯರ ಭೇಟಿಗೆ ಕಟ್ಟುನಿಟ್ಟಿನ ಮಿತಿಯಿತ್ತು. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಮಗುವಿನ ಸಂಕಟವನ್ನು ಮನೋವಿಶ್ಲೇಷಕ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಚಲನಚಿತ್ರವಾಗಿ ತೋರಿಸಿದರು. ಔಷಧೋಪಚಾರವೆಲ್ಲ ಸರಿಯಾಗಿಯೇ ಇತ್ತು, ಅಮ್ಮ ಇರಲಿಲ್ಲ. ಸರ್ಕಾರಿ ಸಮಿತಿಯೊಂದರ 1959ರ ಪ್ಲಾಟ್ ವರದಿ ಭೇಟಿಯ ನಿರ್ಬಂಧ ಸಡಿಲಿಸಲು ಶಿಫಾರಸು ಮಾಡಿತು.

ಭಾರತದಲ್ಲಿ ಅಮೃತಸರದ ಮನೋವೈದ್ಯ ವಿದ್ಯಾಸಾಗರ್ 1950ರ ದಶಕದಲ್ಲೇ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳೊಂದಿಗೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ರೋಗಿಯ ಜೊತೆ ಮನೆಯವರು ಉಳಿಯುವ ಪದ್ಧತಿ ಬೆಳೆದುಬಂದಿದೆ.

ಅಗತ್ಯಗಳು ಮೆಟ್ಟಿಲು ಮೆಟ್ಟಿಲಾಗಿಯೇ ಬರುತ್ತವೆ ಎಂಬ ವಾದಕ್ಕೆ ಸಂಶೋಧನೆಯ ಬೆಂಬಲ ಕಡಿಮೆ. ಈ ಕ್ರಮ ಕಟ್ಟುನಿಟ್ಟಲ್ಲವೆಂದು ಮಾಸ್ಲೋ ಕೂಡ ಬರೆದಿದ್ದ; ಈ ಶ್ರೇಣಿಯನ್ನು ತೋರಿಸುವ ಪ್ರಸಿದ್ಧ ಪಿರಮಿಡ್ ಚಿತ್ರ ಆತನದಲ್ಲ, ನಂತರದವರದು. ಆದ್ದರಿಂದ ಆರೈಕೆಯ ಯೋಜನೆಯನ್ನು ಒಮ್ಮೆ ಬರೆದು ಮುಗಿಸುವಂತಿಲ್ಲ. ನಿನ್ನೆ ನಡೆದಾಡಿದ ರೋಗಿಗೆ ಇಂದು ಜ್ವರವೇರಿದರೆ ದಾದಿ ಮತ್ತೆ ಉಸಿರು, ನಾಡಿ, ನೀರಿನಿಂದಲೇ ತೊಡಗುತ್ತಾಳೆ. ಆಗಲೂ ಪಕ್ಕದಲ್ಲಿ ಕುಳಿತ ಮಗಳನ್ನು ಹೊರಗೆ ಕಳಿಸಬೇಕಾಗಿಲ್ಲ.