ಟೀವಿ ಕೆಳಗಿನ ಕಪ್ಪು ಡಬ್ಬಿ

ನಮ್ಮ ಮನೆಗೆ ಬಂದವರು ಟೀವಿ ಕೆಳಗೆ ಮಿಣಮಿಣ ಅನ್ನೋ ಕಪ್ಪು ಡಬ್ಬಿ ನೋಡಿ ಒಂದೇ ಪ್ರಶ್ನೆ ಕೇಳ್ತಾರೆ: ‘ಏನ್ಸಾರ್ ಇದು, ಯುಪಿಎಸ್ಸಾ?’ ಅಲ್ಲ. ಅದರ ಹೆಸರು ನ್ಯಾಸ್. ಬಿಡಿಸಿ ಹೇಳಿದರೆ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್. ಹೆಸರು ದೊಡ್ಡದು, ಕೆಲಸ ಸರಳ. ಒಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್ ಇರ್ತವೆ, ಅಲ್ಲಿಂದ ವೈಫೈ ರೂಟರ್‌ಗೆ ಒಂದು ಕೇಬಲ್. ಹಾಲ್‌ನಲ್ಲಿ ನಾನು ರಾಜಕುಮಾರ್ ಸಿನಿಮಾ ನೋಡ್ತಿದ್ರೆ, ಅದೇ ಡಬ್ಬಿಯಿಂದ ಮಗ ರೂಮಿನಲ್ಲಿ ಕಾರ್ಟೂನ್ ನೋಡಬಹುದು. ನಮ್ಮ ಚಾನೆಲ್ ನಡೆಯುವುದೂ ಹೀಗೇ. ವರದಿಗಾರ ಕಳಿಸಿದ ದೃಶ್ಯ ಒಂದು ಸರ್ವರ್‌ನಲ್ಲಿ ಬಂದು ಕೂರುತ್ತೆ, ಎಡಿಟರ್‌ಗಳು ತಮ್ಮ ತಮ್ಮ ಜಾಗದಲ್ಲೇ ಕೂತು ಅದನ್ನು ತೆಗೀತಾರೆ.

ಕಚೇರಿಯ ಈ ವಸ್ತು ಮನೆಗೆ ಬಂದ ದಾರಿಯಲ್ಲಿ ಕೋರ್ಟಿನ ಕಟಕಟೆಯೂ ಇದೆ. ಅದನ್ನೇ ಇವತ್ತು ಹೇಳಬೇಕು.

1984ನೇ ಇಸವಿ, ಅಮೆರಿಕ. ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಟೀವಿಯಲ್ಲಿ ಬರುವ ಕಾರ್ಯಕ್ರಮವನ್ನು ಆಮೇಲೆ ನೋಡೋಣ ಅಂತ ಮನೆಯಲ್ಲಿ ಕ್ಯಾಸೆಟ್‌ಗೆ ಇಳಿಸಿಕೊಂಡರೆ ಅದು ಕಳ್ಳತನವಲ್ಲ. ಐವರು ನ್ಯಾಯಮೂರ್ತಿಗಳು ಹೌದು ಅಂದರು, ನಾಲ್ವರು ಒಪ್ಪಲಿಲ್ಲ. ಒಂದೇ ಒಂದು ಮತ ಆಚೀಚೆ ಆಗಿದ್ದರೆ? ಅದೇ ವರ್ಷ ಸನ್ ಮೈಕ್ರೋಸಿಸ್ಟಮ್ಸ್ ಎಂಜಿನಿಯರ್‌ಗಳು ಇನ್ನೊಂದು ಕಂಪ್ಯೂಟರ್‌ನ ಡಿಸ್ಕನ್ನು ತನ್ನದೇ ಎಂಬಂತೆ ಬಳಸುವ ವ್ಯವಸ್ಥೆ ರೂಪಿಸಿದರು. ಒಂದು ಕಡೆ ಇಟ್ಟುಕೊಳ್ಳುವ ಹಕ್ಕು, ಇನ್ನೊಂದು ಕಡೆ ಹಂಚಿಕೊಳ್ಳುವ ತಂತ್ರ. ಎರಡೂ ಒಟ್ಟಿಗೆ ಮನೆಗೆ ಬರುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು.

1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಒಂದು ಪ್ರಬಂಧ ಬರೆದರು. ಒಂದು ದುಬಾರಿ ಡಿಸ್ಕ್ ಯಾಕೆ? ಅಗ್ಗದ ಡಿಸ್ಕ್‌ಗಳನ್ನೇ ಜೋಡಿಸಿ, ಒಂದು ಸತ್ತರೂ ಉಳಿದವು ಕೆಲಸ ನಡೆಸ್ತವೆ. ಇದೇ ರೈಡ್. 1992ರಲ್ಲಿ ಇಂಥ ಡಬ್ಬಿಗಳನ್ನು ಕಚೇರಿಗಳಿಗೆ ಮಾರುವುದಕ್ಕೆ ಹುಟ್ಟಿದ ಕಂಪನಿ ನೆಟ್‌ಆ್ಯಪ್. ಅದರ ಸ್ಥಾಪಕರಲ್ಲಿ ಒಬ್ಬ ಮೈಕೆಲ್ ಮಾಲ್ಕಮ್. ಈ ಹೆಸರು ನೆನಪಿಡಿ.

2001ರಲ್ಲಿ ಮಾಲ್ಕಮ್ ಗೆಳೆಯರ ಜೊತೆ ಸೇರಿ ಕೆಲೈಡೆಸ್ಕೇಪ್ ಅನ್ನೋ ಕಂಪನಿ ಕಟ್ಟಿದ. ಅಂಗಡಿಯಿಂದ ದುಡ್ಡು ಕೊಟ್ಟು ತಂದ ಡಿವಿಡಿಗಳನ್ನು ಒಂದೊಂದಾಗಿ ಈ ಡಬ್ಬಿಗೆ ಇಳಿಸಿದರೆ ಆಯಿತು, ಮನೆಯ ಯಾವ ಟೀವಿಯಲ್ಲಾದರೂ ನೋಡಬಹುದು. ಡಿಸ್ಕ್ ಹುಡುಕೋ ಗೋಳಿಲ್ಲ, ಗೀರು ಬೀಳೋ ಭಯವಿಲ್ಲ. ಬೆಲೆ ಮಾತ್ರ ಶ್ರೀಮಂತರದ್ದು. ಇದರ ಬಗ್ಗೆ ಹಾಲಿವುಡ್‌ಗೆ ಏನು ಸಿಟ್ಟು? 2004ರ ಕೊನೆಯಲ್ಲಿ ಡಿವಿಡಿ ಕಾಪಿ ಕಂಟ್ರೋಲ್ ಅಸೋಸಿಯೇಷನ್ ಕ್ಯಾಲಿಫೋರ್ನಿಯಾದಲ್ಲಿ ಕೇಸು ಹಾಕಿತು. ತಮಾಷೆ ಏನಂದ್ರೆ, ಡಬ್ಬಿಯೊಳಗಿನ ಪ್ರತಿಗೂ ಡಿವಿಡಿಯ ಬೀಗ ಹಾಗೇ ಇತ್ತು, ಯಾರೂ ಅದನ್ನು ಒಡೆದು ಹಂಚಿರಲಿಲ್ಲ. ತಕರಾರು ಇದ್ದದ್ದು ಲೈಸೆನ್ಸ್ ಒಪ್ಪಂದದ ಬಗ್ಗೆ: ಸಿನಿಮಾ ಓಡುವಾಗ ಡಿಸ್ಕ್ ಯಂತ್ರದೊಳಗೇ ಇರಬೇಕಂತೆ! 2007ರಲ್ಲಿ ಕೆಲೈಡೆಸ್ಕೇಪ್ ಗೆದ್ದಿತು. 2009ರಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. 2012ರಲ್ಲಿ ಮಾರಾಟಕ್ಕೆ ತಡೆ. 2014ರಲ್ಲಿ ರಾಜಿ. ಒಪ್ಪಂದದ ಅಕ್ಷರ ನೋಡಿದರೆ ಕೋರ್ಟ್ ಹೇಳಿದ್ದು ಸರಿಯೇ ಇರಬಹುದು. ಆದರೆ ಆ ಒಪ್ಪಂದಕ್ಕೆ ಸಹಿ ಹಾಕಿದ್ದು ಕಂಪನಿಗಳು ಸ್ವಾಮಿ, ದುಡ್ಡು ಕೊಟ್ಟ ವೀಕ್ಷಕ ಅಲ್ಲ. (ನಮ್ಮಲ್ಲೂ 2012ರ ತಿದ್ದುಪಡಿ ಬಂದಮೇಲೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು.)

ಸಿರಿವಂತರ ಡಬ್ಬಿ ಕೋರ್ಟಿಗೆ ಅಲೆಯುತ್ತಿದ್ದಾಗ ಹವ್ಯಾಸಿ ಹುಡುಗರು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಆಟದ ಯಂತ್ರವನ್ನೇ ಬದಲಾಯಿಸಿ ಅದರಲ್ಲಿ ಸಿನಿಮಾ ಓಡಿಸ್ತಿದ್ದರು. ಇವತ್ತಿನ ಕೋಡಿ, ಪ್ಲೆಕ್ಸ್ ಎರಡೂ ಅದೇ ಬೇರಿನ ಚಿಗುರು.

ಸ್ಟುಡಿಯೋಗಳೂ ಸುಮ್ಮನೆ ಕೂರಲಿಲ್ಲ. ಡಬ್ಬಿ ನಿಮಗ್ಯಾಕೆ, ಕಪಾಟು ನಾವೇ ಕೊಡ್ತೀವಿ ಅಂದವು. 2011ರಲ್ಲಿ ಅಲ್ಟ್ರಾವಯಲೆಟ್ ಬಂತು. ಸಿನಿಮಾ ಕೊಂಡುಕೊಳ್ಳಿ, ಇಂಟರ್‌ನೆಟ್‌ನಲ್ಲಿ ಇಡಿ, ಬೇಕಾದಾಗ ನೋಡಿ. 2019ರ ಜುಲೈ 31ಕ್ಕೆ ಆ ಕಪಾಟಿನ ಬಾಗಿಲೇ ಮುಚ್ಚಿತು. ಅಷ್ಟರೊಳಗೆ ಬೇರೆ ಅಂಗಡಿಗೆ ಖಾತೆ ಜೋಡಿಸಿಕೊಳ್ಳಿ ಅಂತ ಗ್ರಾಹಕರಿಗೆ ಸೂಚನೆ ಹೋಯಿತು. ಬೇರೆಯವರ ಕಪಾಟಿನಲ್ಲಿ ನಮ್ಮ ವಸ್ತು ಇಟ್ಟರೆ ಹೀಗೇ. ಪ್ರತಿ ಉಳಿಯದಿದ್ದರೆ ಏನಾಗುತ್ತೆ ಅಂತ ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. 1934ರ ‘ಸತಿ ಸುಲೋಚನ’ ನಮ್ಮ ಮೊದಲ ಟಾಕಿ. ಅದರ ಒಂದು ಪ್ರಿಂಟೂ ಇವತ್ತು ನಮ್ಮ ಬಳಿ ಇಲ್ಲ.

ಹಾಗಾದರೆ ಡಬ್ಬಿ ಮನೆಯಲ್ಲೇ ಇದ್ದರೆ ಸಾಕಾ? 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಇಟ್ಟುಕೊಂಡಿದ್ದ ಎಷ್ಟೋ ಜನ ಎದ್ದು ನೋಡಿದರೆ ಡಬ್ಬಿ ಖಾಲಿ. ಹ್ಯಾಕರ್‌ಗಳು ದೂರದಿಂದಲೇ ಒರೆಸಿಹಾಕಿದ್ದರು. ಆ ಡಬ್ಬಿಗೆ 2015ರಿಂದ ಒಂದು ಅಪ್‌ಡೇಟೂ ಬಂದಿರಲಿಲ್ಲ.

ನನ್ನ ಡಬ್ಬಿಗೆ ಹ್ಯಾಕರ್ ಬೇಕಾಗಲಿಲ್ಲ. ಅಕ್ಕನ ಮದುವೆಯಲ್ಲಿ ಅಮ್ಮ ಸೋಬಾನೆ ಹಾಡಿದ್ದ ವಿಡಿಯೋ ಕ್ಯಾಸೆಟ್ ಬೂಷ್ಟು ಹಿಡಿದಿತ್ತು. ಉಳಿದಷ್ಟನ್ನು ಹೇಗೋ ಇಳಿಸಿ ಡಬ್ಬಿಗೆ ಹಾಕಿದ್ದೆ. ಅಮ್ಮ ಈಗ ಇಲ್ಲ. ಎರಡು ಡಿಸ್ಕ್ ಇವೆ, ಒಂದರ ಪಡಿಯಚ್ಚು ಇನ್ನೊಂದು, ಇನ್ನೇನು ಭಯ ಅಂದುಕೊಂಡಿದ್ದೆ. ಒಂದು ರಾತ್ರಿ ನ್ಯೂಸ್ ಮುಗಿಸಿ ಬಂದವನು ಜಾಗ ಸಾಲ್ತಿಲ್ಲ ಅಂತ ಹಳೇ ಫೋಲ್ಡರ್‌ಗಳನ್ನು ಅಳಿಸುತ್ತಾ ಕೂತೆ. ಅದೂ ಹೋಯಿತು. ಪಡಿಯಚ್ಚು ಡಿಸ್ಕ್ ಬಲು ಪ್ರಾಮಾಣಿಕ ನೋಡಿ. ಇಲ್ಲಿ ಅಳಿಸಿದ್ದನ್ನು ಅಲ್ಲೂ ಅದೇ ಕ್ಷಣ ಅಳಿಸುತ್ತೆ. ಡಿಸ್ಕ್ ಕೆಟ್ಟರೆ ಕಾಪಾಡೋದು ರೈಡ್, ನಮ್ಮ ಬೆರಳು ಕೆಟ್ಟರೆ ಅಲ್ಲ. ಇಷ್ಟು ದಿನ ಬೇರೆಯವರಿಗೆ ಪಾಠ ಹೇಳಿದ ನನಗೆ ಇದು ಗೊತ್ತಿರಲಿಲ್ಲ.

ಬೆಳಗ್ಗೆ ಹಾಸನಕ್ಕೆ ಫೋನ್ ಮಾಡಿದೆ. ಎರಡು ವರ್ಷದ ಹಿಂದೆ ಅಕ್ಕ ನನಗೂ ಒಂದು ಕಾಪಿ ಕೊಡೋ ಅಂತ ಕಾಡಿ, ಒಂದು ಪೆನ್ ಡ್ರೈವ್‌ಗೆ ಹಾಕಿಸಿಕೊಂಡಿದ್ದಳು. ಆಗ ಗೊಣಗಿಕೊಂಡೇ ಕೊಟ್ಟಿದ್ದೆ. ‘ಬೀರುವಲ್ಲಿ ಧಾರೆ ಸೀರೆ ಮಧ್ಯೆ ಇಟ್ಟಿದೀನಿ ಕಣೋ, ಬಾ’ ಅಂದಳು. ಭಾನುವಾರ ಹೋಗಿ ಕಾಪಿ ಮಾಡಿಕೊಂಡೆ. ಆ ಪೆನ್ ಡ್ರೈವ್ ಅಲ್ಲೇ ಬಿಟ್ಟು, ಜೊತೆಗೆ ಇನ್ನೊಂದನ್ನು ಕೊಟ್ಟು ಬಂದೆ.