ಬಹು ಆಯಾಮದ ದತ್ತಾಂಶದ ವಿಘಟನೆ: ಒಂದು ಗಣಿತ ವಿಧಾನದ ಚರಿತ್ರೆ

ಸಾಲು ಮತ್ತು ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಕೋಷ್ಟಕವನ್ನು ಗಣಿತದಲ್ಲಿ ಮಾತೃಕೆ ಎನ್ನುವರು. ಹಲವು ವ್ಯಕ್ತಿಗಳು ಹಲವು ಪರೀಕ್ಷೆಗಳಲ್ಲಿ, ಹಲವು ಸಂದರ್ಭಗಳಲ್ಲಿ ಪಡೆದ ಅಂಕಗಳನ್ನು ದಾಖಲಿಸಲು ಮೂರನೆಯ ಆಯಾಮವೂ ಬೇಕಾಗುತ್ತದೆ. ಇಂತಹ ಜೋಡಣೆಯನ್ನು ಟೆನ್ಸರ್ ಎಂದು ಕರೆಯಲಾಗುತ್ತದೆ. ಅದನ್ನು ಸರಳ ಘಟಕಗಳ ಮೊತ್ತವಾಗಿ ಬಿಡಿಸುವ ವಿಧಾನದ ಚರಿತ್ರೆಯಲ್ಲಿ ಸಿದ್ಧಾಂತಕ್ಕೂ ಬಳಕೆಗೂ ನಡುವೆ ನಾಲ್ಕು ದಶಕಗಳ ಅಂತರವಿದೆ.

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಫ್ರಾಂಕ್ ಹಿಚ್‌ಕಾಕ್ 1927ರಲ್ಲಿ ಈ ವಿಘಟನೆಯನ್ನು ನಿರೂಪಿಸಿದರು. ಅದನ್ನು ಬಳಕೆಗೆ ತಂದವರು ಮಾತ್ರ ಗಣಿತಜ್ಞರಲ್ಲ, ಮಾನವ ವರ್ತನೆ ಮತ್ತು ಭಾಷಾಧ್ವನಿಗಳನ್ನು ಅಳೆಯುತ್ತಿದ್ದ ವಿದ್ವಾಂಸರು. ಮನೋವಿಜ್ಞಾನಿ ರೇಮಂಡ್ ಕ್ಯಾಟೆಲ್ 1944ರಲ್ಲಿ ಇದಕ್ಕೆ ಸಮೀಪದ ತತ್ತ್ವವೊಂದನ್ನು ಮಂಡಿಸಿದ್ದರು. ಲೆಡ್‌ಯಾರ್ಡ್ ಟಕರ್ 1966ರಲ್ಲಿ ಮೂರು ಆಯಾಮಗಳ ಘಟಕ ವಿಶ್ಲೇಷಣೆಗೆ ಗಣಿತರೂಪ ಕೊಟ್ಟರು. 1970ರಲ್ಲಿ ಬೆಲ್ ಪ್ರಯೋಗಾಲಯದ ಕ್ಯಾರಲ್ ಮತ್ತು ಚಾಂಗ್ ಒಂದೆಡೆ, ಕ್ಯಾಲಿಫೋರ್ನಿಯಾದಲ್ಲಿ ಧ್ವನಿವಿಜ್ಞಾನದ ವಲಯದಲ್ಲಿದ್ದ ರಿಚರ್ಡ್ ಹಾರ್ಷ್‌ಮನ್ ಇನ್ನೊಂದೆಡೆ, ಹಿಚ್‌ಕಾಕ್‌ರ ವಿಘಟನೆಯನ್ನೇ ಸ್ವತಂತ್ರವಾಗಿ ಮತ್ತೆ ಕಂಡುಕೊಂಡರು. 1957ರಲ್ಲಿ ನಿಧನರಾದ ಹಿಚ್‌ಕಾಕ್ ಇದನ್ನು ಕಾಣಲಿಲ್ಲ.

ಇವರು ಬಳಸಿದ ಕ್ರಮ ಸರಳವಾದುದು. ಎರಡು ಆಯಾಮಗಳ ಘಟಕಗಳನ್ನು ಸ್ಥಿರವಾಗಿರಿಸಿ, ಮೂರನೆಯದನ್ನು ಕನಿಷ್ಠ ವರ್ಗ ವಿಧಾನದಿಂದ ಲೆಕ್ಕಹಾಕುವುದು. ಬಳಿಕ ಸರದಿಯಂತೆ ಉಳಿದವನ್ನು ತಿದ್ದುತ್ತ, ದೋಷವು ಇಳಿಯದೆ ನಿಲ್ಲುವವರೆಗೆ ಆವರ್ತಿಸುವುದು. ಪ್ರತಿ ಆಯಾಮದಲ್ಲೂ 100 ಸ್ಥಾನಗಳಿರುವ ಟೆನ್ಸರ್‌ನಲ್ಲಿ 10 ಲಕ್ಷ ಸಂಖ್ಯೆಗಳಿರುತ್ತವೆ. ಐದು ಘಟಕಗಳು ಸಾಕಾದರೆ 1,500 ಸಂಖ್ಯೆಗಳಲ್ಲಿ ಅದನ್ನು ಹಿಡಿದಿಡಬಹುದು.

ಉಳಿತಾಯಕ್ಕಿಂತ ಮಹತ್ವದ ಗುಣ ಇನ್ನೊಂದಿದೆ. ಮಾತೃಕೆಯ ಘಟಕಗಳನ್ನು ಬೇರೆ ಬೇರೆ ರೀತಿಯಲ್ಲಿ ತಿರುಗಿಸಿ ಬರೆಯಬಹುದಾದ್ದರಿಂದ ಯಾವುದು ನಿಜವೆಂಬ ಪ್ರಶ್ನೆ ಉಳಿಯುತ್ತದೆ. ಟೆನ್ಸರ್‌ನಲ್ಲಿ, ಕೆಲವು ನಿಬಂಧನೆಗಳಿಗೆ ಒಳಪಟ್ಟು, ವಿಘಟನೆ ಏಕೈಕವೆಂದು ಜೋಸೆಫ್ ಕ್ರುಸ್ಕಲ್ 1977ರಲ್ಲಿ ಸಾಧಿಸಿದರು. ಘಟಕಗಳಿಗೆ ವಾಸ್ತವಾರ್ಥ ಹೇಳಲು ಇದರಿಂದ ಭದ್ರ ಆಧಾರ ದೊರೆಯಿತು.

ಆದರೆ ಟೆನ್ಸರ್‌ಗೆ ಕನಿಷ್ಠ ಎಷ್ಟು ಘಟಕಗಳು ಬೇಕೆಂದು ನಿರ್ಣಯಿಸುವುದೇ ಗಣನೆಯ ದೃಷ್ಟಿಯಿಂದ ಅತಿ ಕಠಿಣವೆಂದು ಯೋಹಾನ್ ಹೋಸ್ಟಾಡ್ 1990ರಲ್ಲಿ ತೋರಿಸಿದರು. ನಿಗದಿತ ಸಂಖ್ಯೆಯ ಘಟಕಗಳಿಂದ ಪಡೆಯುವ ಅತ್ಯುತ್ತಮ ಸನ್ನಿಹಿತ ರೂಪವೇ ಕೆಲವೊಮ್ಮೆ ಇರುವುದಿಲ್ಲವೆಂಬುದನ್ನು ಡಿ ಸಿಲ್ವ ಮತ್ತು ಲಿಮ್ 2008ರಲ್ಲಿ ವಿಶದಪಡಿಸಿದರು. ಆದ್ದರಿಂದ ಇಲ್ಲಿ ದಕ್ಷತೆಯೆಂಬುದು ಎಲ್ಲ ಟೆನ್ಸರ್‌ಗಳಿಗೂ ಅನ್ವಯಿಸುವ ಗುಣವಲ್ಲ. ದತ್ತಾಂಶದ ಸ್ವರೂಪವನ್ನು ಅವಲಂಬಿಸಿದ್ದು. 1970ರ ಸರದಿ ವಿಧಾನ ಇಂದಿಗೂ ಬಳಕೆಯಲ್ಲಿರುವುದಕ್ಕೆ ಕಾರಣವೂ ಇದೇ. ಈ ವಿಘಟನೆಗೆ ಈಗ ರೂಢಿಯಲ್ಲಿರುವ ಹೆಸರುಗಳಲ್ಲಿ ಒಂದಾದ ‘ಕೆನಾನಿಕಲ್ ಪಾಲಿಯಾಡಿಕ್’ ಎಂಬುದರಲ್ಲಿ ಹಿಚ್‌ಕಾಕ್ ಬಳಸಿದ ಪದವೇ ಮರಳಿ ಬಂದಿದೆ.